ಕರಲು ಮಣ್ಣಿನ ಕೆಳಗಿನ ಹಾಳೆ

ಮೊದಲ ಮಳೆ ಆಗುವ ತನಕ ಸರ್ ಯಾವ ಕಟ್ಟಡದ ಬೀಗದ ಕೈಯನ್ನೂ ಯಾರಿಗೂ ಕೊಡುತ್ತಿರಲಿಲ್ಲ. ಸುಣ್ಣ ಬಳಿದು, ಬಾಗಿಲಿಗೆ ಎಣ್ಣೆ ಹಚ್ಚಿ, ಎಲ್ಲ ಮುಗಿದ ಮೇಲೂ ಅದು ಅವರ ಜುಬ್ಬಾದ ಜೇಬಿನಲ್ಲೇ ಇರುತ್ತಿತ್ತು. ಮೋಡ ಕಟ್ಟಿತೆಂದು ಫೋನು ಹೋದರೆ ಎಲ್ಲಿದ್ದರೂ ಬಂದು ಒಳಗೆ ಬರೀ ನೆಲದ ಮೇಲೆ ಕೂತುಬಿಡುವರು. ಮಳೆ ನಿಲ್ಲುವ ತನಕ ಗೋಡೆಯನ್ನೂ ಮಾಳಿಗೆಯನ್ನೂ ನೋಡುತ್ತ ಇರುವರು. ಆಮೇಲೆ ಕೊಡುವುದೋ ಬಿಡುವುದೋ ಎಂದು ತೀರ್ಮಾನ.

ನಾನು ಅವರ ಕೈಕೆಳಗೆ ಸೈಟ್ ಇಂಜಿನಿಯರ್ ಆಗಿದ್ದೆ. ಸರ್ ಎಂದೇ ಕರೆಯುತ್ತಿದ್ದೆ, ಇಲ್ಲಿಯೂ ಹಾಗೇ ಬರೆಯುತ್ತೇನೆ. ದೊಡ್ಡ ಹೆಸರಿನ ವಾಸ್ತುಶಿಲ್ಪಿ. ಒಂದು ಮರ ಅಡ್ಡ ಬಂದರೆ ಮರ ಕಡಿಸದೆ ಗೋಡೆಯನ್ನೇ ಬಾಗಿಸುವವರು, ಫ್ಯಾನು ಬೇಡದ ಹಾಗೆ ಶಾಲೆ ಕಟ್ಟುವವರು, ಆಯಾ ಊರಿನ ಮಣ್ಣು ಕಲ್ಲು ಬಿಟ್ಟು ಬೇರೆ ತರಿಸದವರು. ಅವರನ್ನು ನೋಡಿ ಹಾಗೆ ಕಟ್ಟಲು ಕಲಿತವರು ಈಗ ಎಷ್ಟೋ ಜನ ಇದ್ದಾರೆ. ನಮ್ಮ ಇಂಜಿನಿಯರಿಂಗ್ ಪುಸ್ತಕದಲ್ಲಿ ಅವರ ಕಟ್ಟಡದ್ದೊಂದು ಫೋಟೊ ಇತ್ತು. ಪಾಠ ಮಾಡುವವರು ಆ ಪುಟವನ್ನು ಮಗುಚಿ, ಇದು ಪರೀಕ್ಷೆಗೆ ಬರುವುದಿಲ್ಲ, ಮುಂದಿನದು ನೋಡಿ ಎಂದಿದ್ದರು.

ನಮ್ಮದು ಕೂಡ್ಲಿಗಿ ಕಡೆ, ಕುರಿ ಕಾಯುವ ಮನೆತನ. ಅಪ್ಪ ವರ್ಷದ ಅರ್ಧ ದಿನ ಹಡಗಲಿ ಕಡೆ, ಹೊಳೆಸಾಲಿನ ಹೊಲಗಳಲ್ಲಿ ಕುರಿ ನಿಲ್ಲಿಸಿಕೊಂಡು ಇರುತ್ತಿದ್ದ. ನಮ್ಮ ಮನೆಯಲ್ಲಿ ಹತ್ತನೇ ಇಯತ್ತೆ ದಾಟಿದವಳು ನಾನೊಬ್ಬಳೇ, ಡಿಗ್ರಿ ಮುಟ್ಟಿದವಳೂ ನಾನೊಬ್ಬಳೇ. ಇದನ್ನು ಹೇಳಿಕೊಳ್ಳಲು ನನಗೆ ಆಗಲೂ ನಾಚಿಕೆಯಿರಲಿಲ್ಲ, ಈಗಲೂ ಇಲ್ಲ. ಹಾಸ್ಟೆಲಿನ ನೀರು ಸಾರು ಕುಡಿದು, ಎರಡು ಚೂಡಿದಾರದಲ್ಲಿ ನಾಲ್ಕು ವರ್ಷ ಕಳೆದು ತಂದದ್ದು. ಸೈಟ್ ಪುಸ್ತಕದಲ್ಲಿ ದಿನದ ಕೆಲಸ ಬರೆದು ಸಹಿ ಹಾಕುವಾಗ ಪ್ರತಿ ಪುಟದಲ್ಲೂ ಸಹಿಯ ಮುಂದೆ ಬಿ.ಇ. ಎಂದು ಬರೆಯುತ್ತಿದ್ದೆ. ಯಾರೂ ಕೇಳಿರಲಿಲ್ಲ.

ಕಟ್ಟುತ್ತಿದ್ದದ್ದು ಒಂದು ಅಂಗನವಾಡಿ. ಕೂಡ್ಲಿಗಿಯಿಂದ ಕೊಟ್ಟೂರಿಗೆ ಹೋಗುವ ದಾರಿಯಲ್ಲಿ ಒಳಗೆ ಹೋದರೆ ಸಿಗುವ ಊರು. ಸರ್ ಮೊದಲ ಮೂರು ದಿನ ಕಾಗದವನ್ನೇ ಬಿಚ್ಚಲಿಲ್ಲ. ಜಾಗದ ನಡುವಿನ ಬೇವಿನ ಮರದ ಕೆಳಗೆ ಸ್ಟೂಲು ಹಾಕಿಕೊಂಡು ನೆರಳು ಎಲ್ಲಿಂದೆಲ್ಲಿಗೆ ಹೋಗುತ್ತದೆ ಎಂದು ಕಲ್ಲಿಟ್ಟು ಗುರುತು ಮಾಡಿದರು. ನಾಲ್ಕನೇ ದಿನ ಊರವರನ್ನು ಕೇಳಿದರು, ಈ ಸೀಮೆಯಲ್ಲಿ ಮಣ್ಣಿನ ಮಾಳಿಗೆಯನ್ನು ಚೆನ್ನಾಗಿ ಹಾಕುವವರು ಯಾರು ಅಂತ. ಎಲ್ಲರೂ ಒಬ್ಬರ ಹೆಸರನ್ನೇ ಹೇಳಿದರು. ಅದು ನನ್ನ ದೊಡ್ಡಪ್ಪನ ಹೆಸರು. ಅಪ್ಪನ ಸ್ವಂತ ಅಣ್ಣ. ನಾನು ಪಕ್ಕದಲ್ಲೇ ನಿಂತಿದ್ದೆ, ಆದರೂ ನಾನಾಗಿ ಹೇಳಿರಲಿಲ್ಲ.

ದೊಡ್ಡಪ್ಪ ಒಂದು ಚೀಲ ಮಣ್ಣು ಹೊತ್ತುಕೊಂಡೇ ಬಂದ. ಬೂದಿಬಣ್ಣದ ಕರಲು ಮಣ್ಣು. ನಮ್ಮ ಕಡೆ ಮಾಳಿಗೆಯ ಎಲ್ಲಕ್ಕಿಂತ ಮೇಲೆ ಇದನ್ನೇ ಹಾಕುವುದು. ಉಪ್ಪಿನಂಶದ ಈ ಮಣ್ಣು ಹನಿ ಬಿದ್ದೊಡನೆ ಅರಳಿ, ತನ್ನ ಸಂದಿಯನ್ನು ತಾನೇ ಮುಚ್ಚಿಕೊಂಡು ನೀರನ್ನು ಕೆಳಗೆ ಬಿಡುವುದಿಲ್ಲ. ಒಳ್ಳೆಯ ಕರಲು ನಾಲಿಗೆಗೆ ಚುರ್ ಅನ್ನಬೇಕು ಎನ್ನುತ್ತ ಚಿಟಿಕೆ ತೆಗೆದು ನಾಲಿಗೆಗೆ ಹಚ್ಚಿಕೊಂಡ. ಸರ್ ಕೂಡ ಅವನೆದುರು ಕುಕ್ಕರಗಾಲಿನಲ್ಲಿ ಕೂತು ಕೈಯೊಡ್ಡಿ, ನೆಕ್ಕಿ, ಕಣ್ಣು ಮುಚ್ಚಿದರು. ಯಜಮಾನರೇ, ಈ ಮಣ್ಣು ಎಲ್ಲಿದೆ ಅಂತ ಹೇಗೆ ಕಂಡುಹಿಡೀತೀರಿ ಎಂದು ಕೇಳಿದರು.

"ಕುರಿ ನೆಕ್ಕಿದ ಜಾಗ ನೋಡ್ರಿ ಸ್ವಾಮಿ. ಅವಕ್ಕ ಮೊದ್ಲ ಗೊತ್ತಾಗತೈತಿ. ಆಮ್ಯಾಲ ನಮ್ಮ ನಾಲಿಗಿ." ದೊಡ್ಡಪ್ಪ ನನ್ನ ಕಡೆ ತಿರುಗಿ ಅಂಗೈ ಚಾಚಿದ. "ತಗೋ ಯವ್ವಾ, ನೀನೂ ನೋಡು. ಕಾಲೇಜಿನಾಗ ಇದನ್ನ ಕೊಟ್ಟಿರಂಗಿಲ್ಲ."

ಗಾರೆಯವರು ನಕ್ಕರು. ನಾನು ತಿನ್ನಲಿಲ್ಲ. ಪರೀಕ್ಷೆಗೆ ಕಳಿಸೋಣ ಸರ್, ವರದಿ ಬರಲಿ ಎಂದೆ. ಕಳಿಸು, ಒಳ್ಳೆಯದೇ ಎಂದರು ಸರ್. ನನಗೆ ನೀನು, ದೊಡ್ಡಪ್ಪನಿಗೆ ನೀವು, ಯಜಮಾನರೇ. ಅದು ನನಗೆ ಎಲ್ಲೋ ಚುಚ್ಚಿತು. ಅಕ್ಷರ ಬಾರದವನ ಮುಂದೆ ಇಷ್ಟು ದೊಡ್ಡ ಮನುಷ್ಯ ಕೂತು ಕೇಳುತ್ತಾನೆ, ನಾಲ್ಕು ವರ್ಷ ಓದಿದವಳು ಟೇಪು ಹಿಡಿದು ನಿಂತಿದ್ದೇನೆ.

ವರದಿ ನನ್ನ ಕೈಗೇ ಬಂತು. ಲವಣಾಂಶ ಅತಿ ಹೆಚ್ಚು, ಕಟ್ಟಡ ಕಾಮಗಾರಿಗೆ ಯೋಗ್ಯವಲ್ಲ ಎಂದು ಬರೆದಿತ್ತು. ಈ ಮಾಳಿಗೆಯ ಕೆಳಗೆ ಕೂರುವುದು ಮೂರು ನಾಲ್ಕು ವರ್ಷದ ಕೂಸುಗಳು. ನಾನು ಮಾಡಬೇಕಾಗಿದ್ದದ್ದು ಒಂದೇ, ಆ ಕಾಗದವನ್ನು ಸರ್ ಮುಂದೆ, ದೊಡ್ಡಪ್ಪನ ಮುಂದೆ ಇಟ್ಟು ಕೇಳುವುದು. ಸರ್ ನಕ್ಕುಬಿಟ್ಟಾರು, ದೊಡ್ಡಪ್ಪ ಮುಖ ಸಣ್ಣ ಮಾಡಿಕೊಂಡಾನು, ನಾನು ಮತ್ತೆ ಏನೂ ತಿಳಿಯದವಳಾದೇನು ಎಂದೆಲ್ಲ ಲೆಕ್ಕ ಹಾಕಿದೆ. ವರದಿಯನ್ನು ಫೈಲಿನಲ್ಲಿ ತೀರಾ ಹಿಂದೆ ಸೇರಿಸಿದೆ.

ಆಮೇಲೆ ಹಗರಿಬೊಮ್ಮನಹಳ್ಳಿಗೆ ಹೋದೆ. ಕೃಷಿ ಹೊಂಡಕ್ಕೆ ಹಾಸುವ ದಪ್ಪ ಕರಿ ಪ್ಲಾಸ್ಟಿಕ್ ಹಾಳೆ ಅಲ್ಲಿ ಸಿಗುತ್ತಿತ್ತು. ಮಣ್ಣು ಕೈಕೊಟ್ಟರೂ ನೀರು ಒಳಗೆ ಬರಬಾರದೆಂದು ನನ್ನದೇ ಸಂಬಳದಲ್ಲಿ ಕೊಂಡು ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದೆ. ದೊಡ್ಡಪ್ಪ ಅಮಾವಾಸ್ಯೆಗೆಂದು ಉಜ್ಜಿನಿಗೆ ಹೋಗಿದ್ದ, ಸರ್ ಬೇರೆ ಊರಿನ ಕೆಲಸಕ್ಕೆ ಹೋಗಿದ್ದರು. ತೊಲೆ, ಜಂತಿ, ಅದರ ಮೇಲೆ ಸೀಳು ಕಟ್ಟಿಗೆ ಆಗಲೇ ಕೂತಿತ್ತು. ಅದರ ಮೇಲೆ ಬಂದರಿಕೆ ಸೊಪ್ಪು ಹಾಸಿ, ಸೊಪ್ಪಿನ ಮೇಲೆ ಕಲಸಿದ ಕೆಂಪು ಮಣ್ಣು, ಕೊನೆಗೆ ಕರಲು, ಇದು ಕ್ರಮ. ನಾನು ಕೆಳಗೊಂದು ಪದರ ಸೊಪ್ಪು ಹಾಸಿಸಿ, ಹಾಳೆ ಬಿಚ್ಚಿಸಿ, ಅದರ ಮೇಲೆ ಇನ್ನೊಂದು ಪದರ ಸೊಪ್ಪು ಹಾಕಿಸಿದೆ. ಕೆಳಗಿನಿಂದಲೂ ಕಾಣದು, ಮೇಲಿನಿಂದಲೂ ಕಾಣದು. ಸೊಪ್ಪು ಹೊರುತ್ತಿದ್ದ ಹೆಣ್ಣಾಳು ಕೇಳಿದಳು, ಇದನ್ನ ಹಾಸಂತ ಯಾರು ಹೇಳ್ಯಾರ ಮೇಡಮ್ಮಾ ಅಂತ. ಸರ್ ಹೇಳಿದ್ದಾರೆ ಎಂದೆ. ಅವಳು ಮತ್ತೆ ಕೇಳಲಿಲ್ಲ.

ದೊಡ್ಡಪ್ಪ ಬಂದು, ಸೊಪ್ಪು ಹಾಸಿದ್ದು ನೋಡಿ, ನಮ್ಮ ಹುಡುಗಿ ಕೆಲಸ ಕಲಿತಳು ಎಂದು ಎಲ್ಲರ ಮುಂದೆ ಹೊಗಳಿದ. ಅದರ ಮೇಲೆ ತನ್ನ ಮಣ್ಣು ಹಾಕಿ, ಮರದ ಹಲಗೆಯಿಂದ ಬಡಿದು, ಕರಲು ಹರಡಿದ.

ಹದಿನೈದು ದಿನದಲ್ಲಿ ಅವನಿಗೆ ಅನುಮಾನ ಶುರುವಾಯಿತು. ಬಿಸಿಲು ಸುಡುತ್ತಿದ್ದರೂ ಮಾಳಿಗೆ ಒಣಗುತ್ತಿಲ್ಲ. ಕಲಸಿದ ಮಣ್ಣಿನ ನೀರು ಕೆಳಗೆ ಸೊಪ್ಪಿನ ಮೂಲಕ ಆರಿ ಹೋಗಬೇಕಾಗಿತ್ತು, ನನ್ನ ಹಾಳೆ ತಡೆದು ನಿಲ್ಲಿಸಿತ್ತು. ಮೇಲಿನ ಕರಲು ಮಾತ್ರ ಬಿಸಿಲಿಗೆ ಒಣಗಿ ಬಿರುಕು ಬಿಟ್ಟಿತು. ಅವನು ಮತ್ತೆ ಮತ್ತೆ ಹತ್ತಿ ಬರಿಗಾಲಲ್ಲಿ ಓಡಾಡಿ ಇಳಿಯುತ್ತಿದ್ದ. ಕಾಲಿಗೆ ಮೆತ್ತಗ ಹತ್ತತೈತಿ, ಯಾಕೋ ಗೊತ್ತಿಲ್ಲ ಎನ್ನುತ್ತಿದ್ದ. ಈ ಸಲ ಗಾಳಿ ಕಡಿಮೆ ದೊಡ್ಡಪ್ಪ ಎಂದು ನಾನು ಸುಳ್ಳು ಕೂಡಿಸಿದೆ.

ನಾನು ಓದಿದವಳು. ಒದ್ದೆ ಮಣ್ಣಿನ ಭಾರ ತೊಲೆಗೆ ಏನು ಮಾಡುತ್ತದೆ ಎಂದು ಅಲ್ಲಿದ್ದ ಎಲ್ಲರಿಗಿಂತ ನನಗೇ ಚೆನ್ನಾಗಿ ಗೊತ್ತಿತ್ತು. ನಡುವಿನ ತೊಲೆಯ ಕೆಳಗೆ ಗೋಡೆಯಿಂದ ಗೋಡೆಗೆ ಒಂದು ದಾರ ಬಿಗಿದು ಕಟ್ಟಿದೆ. ತೊಲೆಗೂ ದಾರಕ್ಕೂ ನಡುವೆ ಒಂದು ಬೆರಳು ತೂರುವಷ್ಟು ಜಾಗ. ತೊಲೆ ಬಾಗಿದರೆ ಜಾಗ ಕಡಿಮೆಯಾಗುತ್ತದೆ. ದಿನಾ ಬೆಳಿಗ್ಗೆ ಯಾರೂ ಬರುವ ಮುಂಚೆ ಹೋಗಿ ಬೆರಳು ಹಾಕಿ ನೋಡುತ್ತಿದ್ದೆ. ಬೆರಳು ಸಲೀಸಾಗಿ ಹೋದ ದಿನ ರೊಟ್ಟಿ ಸೇರುತ್ತಿತ್ತು.

ಮಳೆ ಬಂದದ್ದು ಒಂದು ಮಧ್ಯಾಹ್ನ. ಸರ್ ಆವತ್ತು ಊರಲ್ಲೇ ಇದ್ದರು. ಎಂದಿನಂತೆ ಹೋಗಿ ನಡುಮನೆಯ ನೆಲದ ಮೇಲೆ ಕೂತರು, ನಾನು ಬಾಗಿಲಲ್ಲಿ ನಿಂತೆ. ನಮ್ಮ ಸೀಮೆಯ ಮಳೆ ಬಂದರೆ ಒಮ್ಮೆಲೇ ಕಲ್ಲು ಸುರಿದ ಹಾಗೆ. ಒಳಗೆ ಒಂದು ಹನಿ ತೊಟ್ಟಿಕ್ಕಲಿಲ್ಲ. ಮಾಳಿಗೆಯ ಸೀಳು ಕಟ್ಟಿಗೆ ಒಣಗಿದ ಹಪ್ಪಳದ ಹಾಗಿತ್ತು. ಸರ್ ಮುಖ ಅರಳಿತು. ನಾನು ಮಾತ್ರ ದಾರವನ್ನು ನೋಡುತ್ತಿದ್ದೆ. ಬಾಗಿಲಿನಿಂದಲೇ ಕಾಣುತ್ತಿತ್ತು, ಬೆರಳಿನ ಜಾಗ ಅರ್ಧ ಬೆರಳಾಗಿತ್ತು. ಕರಲು ಅರಳಿ ಮುಚ್ಚಿಕೊಳ್ಳುವ ಮುಂಚೆಯೇ ಬಿರುಕಿನಲ್ಲಿ ಇಳಿದ ನೀರಿಗೆ ಹಾಳೆಯ ಮೇಲೆ ನಿಲ್ಲುವುದು ಬಿಟ್ಟು ಬೇರೆ ದಾರಿಯಿರಲಿಲ್ಲ. ನಮ್ಮ ತಲೆಯ ಮೇಲೆ ಒಂದು ಸಣ್ಣ ಕೆರೆ ಕೂತಿತ್ತು.

ಸಂಜೆಗೆ ಹಾಳೆಯ ಅಂಚು ಹಿಡಿದು ನೀರು ಗೋಡೆಗೆ ಇಳಿಯಿತು. ಬೆಳಗಾಗುವುದರಲ್ಲಿ ತೆಂಕಣ ಗೋಡೆಯ ತಲೆ ಒಂದು ಮೊಳ ಕಪ್ಪಗೆ ತೋಯ್ದಿತ್ತು. ಮಣ್ಣಿನ ಗೋಡೆ. ಸರ್ ಬಹಳ ಹೊತ್ತು ನೋಡಿದರು. ನಡುವೆ ಒಣಗಿದೆ, ಅಂಚಿನಲ್ಲಿ ಒದ್ದೆ, ನೀರು ಎಲ್ಲೋ ಅಡ್ಡದಾರಿ ಹಿಡಿದಿದೆ ಎಂದರು. ನನ್ನ ಕಡೆ ನೋಡಿದರೋ ಇಲ್ಲವೋ, ನನಗೆ ಇವತ್ತಿಗೂ ಖಾತ್ರಿಯಿಲ್ಲ.

ಅವತ್ತೇ ಹನ್ನೊಂದಕ್ಕೆ ಇಲಾಖೆಯ ಇಂಜಿನಿಯರ್ ಸಾಹೇಬರು ಬರುವುದಿತ್ತು. ಅವರು ಪಾಸು ಮಾಡಿದರೆ ಅಂಗನವಾಡಿ ಅಲ್ಲಿಗೆ ಬರುತ್ತದೆ, ಇಲ್ಲದಿದ್ದರೆ ಮಾಳಿಗೆ ಕಿತ್ತು ಸಿಮೆಂಟ್ ಸ್ಲ್ಯಾಬ್ ಹಾಕಿಸುತ್ತಾರೆ. ಕೆಟ್ಟ ಮನುಷ್ಯರಲ್ಲ. ಒಳಗೆ ಬಂದವರೇ ಕೂಸುಗಳು ಎಲ್ಲಿ ಕೂರುತ್ತವೆ ಎಂದು ಮೊದಲು ಕೇಳಿದರು. ಗೋಡೆ ಮುಟ್ಟಿದರು, ಬೆರಳಿಗೆ ಮೆತ್ತಿದ ಮಣ್ಣನ್ನು ನೋಡಿದರು. ಜಗುಲಿಯ ಮೇಲೆ ಕುರ್ಚಿ ಹಾಕಿಸಿಕೊಂಡು ಫೈಲು ಕೇಳಿದರು. ನಾನು ಕೊಟ್ಟೆ. ಕೊಡುವಾಗ ಹಿಂದೆ ಸೇರಿಸಿದ್ದ ವರದಿ ನೆನಪಾಯಿತು, ಆದರೆ ಕೈ ಆಗಲೇ ಬಿಟ್ಟಿತ್ತು.

ಅವರು ಹಿಂದಿನಿಂದಲೇ ತಿರುವುವವರು. ವರದಿ ಮೊದಲಿಗೇ ಸಿಕ್ಕಿತು. ಎರಡು ಸಲ ಓದಿದರು.

"ಮಣ್ಣು ಕೆಟ್ಟದ್ದೈತಿ ಅಂತ ಇದ್ರಾಗ ಚೊಕ್ಕ ಬರದೈತಲ್ರಿ. ಗೊತ್ತಿದ್ದೂ ಹಾಕಿದ್ರ?"

ಸರ್ ಆ ಕಾಗದವನ್ನು ಅವತ್ತೇ ಮೊದಲ ಸಲ ನೋಡಿದ್ದು. ತೆಗೆದುಕೊಂಡು ಓದಿದರು, ಮಡಚಲಿಲ್ಲ, ಮೊಣಕಾಲ ಮೇಲೆ ಇಟ್ಟುಕೊಂಡರು.

ದೊಡ್ಡಪ್ಪ ಬೇವಿನ ಮರದ ಕೆಳಗಿದ್ದ. ವಿಷಯ ಯಾರೋ ಹೇಳಿದರು. ಎದ್ದು ಬಂದು, ಕಂಬಳಿ ಹೆಗಲಿನಿಂದ ಇಳಿಸಿ ಕೈಯಲ್ಲಿ ಹಿಡಿದುಕೊಂಡು ಸರ್ ಮುಂದೆ ನಿಂತ. ಬೆಳಿಗ್ಗೆಯಿಂದ ಆ ಮಣ್ಣನ್ನು ಮೂರು ಸಲ ನೆಕ್ಕಿ ನೋಡಿದ್ದನಂತೆ, ಚುರ್ ಅಂದ ಹಾಗೂ ಆಗುತ್ತದಂತೆ, ಇಲ್ಲದ ಹಾಗೂ ಆಗುತ್ತದಂತೆ.

"ಬೀಡಿ ಸೇದಿ ಸೇದಿ ನಾಲಿಗಿ ಸತ್ತೈತಿ ಸ್ವಾಮಿ. ರುಚಿ ತಪ್ಪೀನಿ. ತಪ್ಪು ನಂದ. ಇನ್ನ ಮಾಳಿಗಿ ಕೆಲ್ಸಕ್ಕ ಕೈ ಹಾಕಂಗಿಲ್ಲ."

ನಲವತ್ತು ಐವತ್ತು ವರ್ಷದಿಂದ ಸುತ್ತಲಿನ ಹಳ್ಳಿಗಳಲ್ಲಿ ಇವನು ಹಾಕಿದ ಮಾಳಿಗೆಯ ಕೆಳಗೆ ಜನ ಮಲಗಿ ಏಳುತ್ತಿದ್ದಾರೆ. ಹರಪನಹಳ್ಳಿ ಕಡೆಯಿಂದಲೂ ಕರೆಯಲು ಬರುತ್ತಿದ್ದರು. ಆ ನಾಲಿಗೆಯನ್ನೇ ಅವನು ಸತ್ತಿದೆ ಎಂದ. ಸೊಪ್ಪು ಹೊತ್ತಿದ್ದ ಹೆಣ್ಣಾಳು ನೀರಿನ ಬಾನಿಯ ಹತ್ತಿರ ನಿಂತು ನನ್ನನ್ನೇ ನೋಡುತ್ತಿದ್ದಳು. ನಾನು ತಲೆ ತಗ್ಗಿಸಿದೆ.

ಸಾಹೇಬರಿಗೆ ಇದು ಸುಲಭವಾಯಿತು. ಮಣ್ಣು ಪೂರೈಸಿದವನ ಒಂದು ಹೇಳಿಕೆ ಬೇಕು, ಹೆಬ್ಬೆಟ್ಟು ಹಾಕಿಸಿ, ಅದರ ಮೇಲೆ ಸ್ಲ್ಯಾಬಿಗೆ ಬರೆಯುತ್ತೇನೆ, ಯಾರಿಗೂ ತೊಂದರೆಯಿಲ್ಲ ಎಂದರು. ಬರೆಯಲು ನನಗೇ ಹೇಳಿದರು. ಸೈಟ್ ಇಂಜಿನಿಯರ್ ನಾನೇ ತಾನೆ.

ಜಗುಲಿಯ ಅಂಚಿನಲ್ಲಿ ಕೂತು ಬರೆದೆ. ಸದರಿ ಕಟ್ಟಡದ ಮಾಳಿಗೆಗೆ ನಾನು ಪೂರೈಸಿದ ಕರಲು ಮಣ್ಣು ಕಳಪೆಯಾಗಿದ್ದು, ಲವಣಾಂಶ ಹೆಚ್ಚಿರುವ ಕಾರಣ. ಅಷ್ಟು ಬರೆದೆ. ಅಕ್ಷರ ದುಂಡಗೆ ಬರುತ್ತಿದ್ದವು. ದೊಡ್ಡಪ್ಪ ಪಕ್ಕದಲ್ಲಿ ಕೂತು, ಸಾಹೇಬರು ಕೊಟ್ಟ ಇಂಕಿನ ಡಬ್ಬಿಗೆ ಆಗಲೇ ಹೆಬ್ಬೆಟ್ಟು ಒತ್ತಿಕೊಂಡು, ಬಟ್ಟೆಗೆ ತಾಗದ ಹಾಗೆ ಮೇಲೆತ್ತಿ ಹಿಡಿದು ಕಾಯುತ್ತಿದ್ದ. ನನ್ನ ಕಾಲೇಜಿನ ಅರ್ಜಿಗೆ ಅಪ್ಪ ಊರಲ್ಲಿಲ್ಲದ್ದಕ್ಕೆ ಪೋಷಕರ ಜಾಗದಲ್ಲಿ ಒತ್ತಿದ್ದು ಇದೇ ಹೆಬ್ಬೆಟ್ಟು. ಅದರಲ್ಲಿ ಏನು ಬರೆದಿದೆ ಎಂದು ಅವತ್ತೂ ಕೇಳಿರಲಿಲ್ಲ. ಈಗಲೂ ಕೇಳಲಿಲ್ಲ. ಎಲ್ಲಿ ಒತ್ತಲವ್ವಾ ಎಂದಷ್ಟೇ ಅಂದ.

ಪೆನ್ನು ಮುಂದೆ ಹೋಗಲಿಲ್ಲ.

"ಒತ್ತಬ್ಯಾಡ ದೊಡ್ಡಪ್ಪ," ಎಂದೆ. ಧ್ವನಿ ನನಗೇ ಕೇಳಿಸದಷ್ಟು ಸಣ್ಣಗಿತ್ತು, ಇನ್ನೊಮ್ಮೆ ಹೇಳಬೇಕಾಯಿತು. "ನಿನ್ನ ಮಣ್ಣು ಚಲೋ ಐತಿ. ಅದರ ಕೆಳಗ ನಾನು ಪ್ಲಾಸ್ಟಿಕ್ ಹಾಳಿ ಹಾಸೀನಿ. ನೀನು ಉಜ್ಜಿನಿಗೆ ಹೋದಾಗ."

ಉಳಿದದ್ದನ್ನು ನಿಂತುಕೊಂಡು ಸರ್ ಕಡೆ ತಿರುಗಿ ಹೇಳಿದೆ. ವರದಿ ಬಂದದ್ದು, ಮುಚ್ಚಿಟ್ಟದ್ದು, ಸರ್ ಹೇಳಿದ್ದಾರೆಂದು ಆಳುಗಳಿಗೆ ಸುಳ್ಳು ಹೇಳಿದ್ದು, ದಾರ ಕಟ್ಟಿದ್ದು. ದಾರ ಏಕೆಂದು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಎಲ್ಲರೂ ಒಳಗೆ ಹೋಗಿ ತೊಲೆ ನೋಡಿದರು. ಅರ್ಧ ಬೆರಳೂ ಉಳಿದಿರಲಿಲ್ಲ. ಸಾಹೇಬರು ಮೊದಲು ಎಲ್ಲರನ್ನೂ ಹೊರಗೆ ಕಳಿಸಿದರು, ಆಮೇಲೆ ತಾವು ಬಂದರು.

ಸರ್ ಬಯ್ಯಲಿಲ್ಲ, ಬಯ್ದಿದ್ದರೆ ಚೆನ್ನಾಗಿತ್ತು. ವರದಿಯನ್ನು ನನಗೆ ವಾಪಸು ಕೊಟ್ಟರು.

"ಇದನ್ನ ನಂಬಿದ್ದು ತಪ್ಪಲ್ಲ. ಯಜಮಾನರ ಮುಂದೆ ಇಡದೇ ಹೋದೆಯಲ್ಲ, ಅದು. ಇಟ್ಟಿದ್ದರೆ ಮೂರೂ ಜನ ಕೂತು ಯೋಚಿಸಬಹುದಿತ್ತು."

ಸಾಹೇಬರು ಹಾಗಾದರೆ ಹೇಳಿಕೆ ಯಾರದು ಎಂದರು. ನನ್ನದು ಎಂದೆ. ಅರ್ಧ ಬರೆದದ್ದನ್ನು ಹೊಡೆದು, ಕೆಳಗೆ ನಡೆದದ್ದನ್ನು ನಡೆದ ಹಾಗೆ ಬರೆದೆ. ಸಹಿ ಹಾಕಿ, ಅಲ್ಲಿಗೇ ನಿಲ್ಲಿಸಿದ್ದೆ. ಸರ್ ಕಾಗದ ನೋಡಿ, ದಿನಾ ಬರೀತಿದ್ದ ಬಿ.ಇ. ಎಲ್ಲಿ, ಅದನ್ನೂ ಹಾಕು ಎಂದರು. ವ್ಯಂಗ್ಯವಾಗಿ ಅನ್ನಲಿಲ್ಲ. ಹಾಕಿದೆ. ನಾಲ್ಕು ವರ್ಷದ ಆ ಎರಡು ಅಕ್ಷರ ಅಷ್ಟು ಭಾರ ಅಂತ ಅಂದೇ ಗೊತ್ತಾದದ್ದು.

ದೊಡ್ಡಪ್ಪನ ಎತ್ತಿದ ಹೆಬ್ಬೆಟ್ಟು ಎತ್ತಿದ ಹಾಗೇ ಇತ್ತು. ಅದನ್ನು ಬೇವಿನ ತೊಗಟೆಗೆ ಉಜ್ಜಿದ, ಇಂಕು ಹೋಗಲಿಲ್ಲ. ಕರಲಿನ ಚೀಲದ ಹತ್ತಿರ ಹೋಗಿ ಮತ್ತೊಂದು ಚಿಟಿಕೆ ನಾಲಿಗೆಗೆ ಹಚ್ಚಿಕೊಂಡು ಸ್ವಲ್ಪ ಹೊತ್ತು ಬಿಟ್ಟ.

"ಚುರ್ ಅಂತೈತಿ," ಅಂದ. ಮತ್ತೆ ನನ್ನ ಕಡೆ ನೋಡಿ, "ಲೇ, ಒಂದು ತಿಂಗಳಿಂದ ನನ್ನ ನಾಲಿಗಿ ಮ್ಯಾಲ ನನಗ ಸಂಶೆ ಬರಂಗ ಮಾಡಿದ್ಯಲ್ಲ."

ಅಷ್ಟೇ. ಅವನು ನನ್ನನ್ನು ಲೇ ಎಂದದ್ದು ಅದೇ ಮೊದಲು. ಯಾವಾಗಲೂ ಯವ್ವಾ ಎನ್ನುತ್ತಿದ್ದವನು.

ವರದಿ ಕೆಟ್ಟದ್ದೆಂದ ಆ ಉಪ್ಪೇ ಮಾಳಿಗೆಯ ಮೇಲೆ ನೀರು ತಡೆಯುವುದು ಎಂದು ಸರ್ ತಿಳಿಸಿದ ಮೇಲೆ ಸಾಹೇಬರು ಮುಂದಿನ ಮಳೆಯವರೆಗೆ ಸಮಯ ಕೊಟ್ಟರು. ಅದಕ್ಕೂ ಸೋರಿದರೆ ಸ್ಲ್ಯಾಬ್, ಇನ್ನು ಮಾತಿಲ್ಲ ಎಂದರು. ಕೂಸುಗಳು ಅಲ್ಲಿಯ ತನಕ ಕೂರುತ್ತಿದ್ದ ಸಮುದಾಯ ಭವನದ ಮೂಲೆಯಲ್ಲೇ ಉಳಿದವು. ಸರ್ ಹೋಗುವಾಗ ಬೀಗದ ಕೈಯನ್ನು ನನ್ನ ಕೈಗೆ ಹಾಕಿದರು. ಮುಂದಿನ ಮಳೆಗೆ ನಾನು ಬರುವುದಿಲ್ಲ, ನೀನೇ ಕೂತು ನೋಡು, ಕೊಡುವುದೋ ಬಿಡುವುದೋ ನೀನೇ ಹೇಳು ಎಂದರು. ಕೆಲಸದಿಂದ ತೆಗೆದಿದ್ದರೆ ಇದಕ್ಕಿಂತ ಸಲೀಸು ಅನ್ನಿಸಿತು.

ಮಣ್ಣು ತೆಗೆದು ಹಾಳೆ ಕೊಯ್ದವಳು ನಾನೇ. ಕೆಳಗಿನ ಸೊಪ್ಪು ಕೊಳೆತು ನಾರುತ್ತಿತ್ತು. ಹೆಣ್ಣಾಳು ಬುಟ್ಟಿ ಹಿಡಿದು ನಿಂತು, ಇದನ್ನ ತಗಿ ಅಂತ ಯಾರು ಹೇಳ್ಯಾರ ಮೇಡಮ್ಮಾ ಎಂದಳು. ಗಾರೆಯವರೆಲ್ಲ ನಕ್ಕರು, ನಾನೂ ನಕ್ಕೆ. ದೊಡ್ಡಪ್ಪ ನಗಲಿಲ್ಲ. ಹೊಸ ಸೊಪ್ಪು, ಹೊಸ ಮಣ್ಣು, ಒಂದೊಂದು ಪದರವೂ ಆರುವ ತನಕ ಕಾದು ಹಾಕಿದ. ನನಗೆ ಕೆಲಸ ಹೇಳುತ್ತಿದ್ದ, ಮಾತು ಆಡುತ್ತಿರಲಿಲ್ಲ. ಕೊನೆಯ ದಿನ ಹೊಸ ಕರಲಿನ ಗಾಡಿ ಬಂದಾಗ ನಾನಾಗಿ ಹೋಗಿ ಚಿಟಿಕೆ ಬಾಯಿಗೆ ಹಾಕಿಕೊಂಡೆ. ಉಪ್ಪು, ಅದರ ಹಿಂದೆ ಸಣ್ಣಗೆ ಉರಿ. ಅವನು ದೂರದಿಂದ ನೋಡಿದ, ಮತ್ತೆ ಹಲಗೆ ಬಡಿಯತೊಡಗಿದ.

ದಾರದ ಜಾಗ ಮುಕ್ಕಾಲು ಬೆರಳಿಗೆ ಬಂತು. ಪೂರ್ತಿ ಬೆರಳಿಗೆ ಬರಲೇ ಇಲ್ಲ. ಮರಕ್ಕೆ ಆದದ್ದು ಆಯಿತು.

ಮುಂದಿನ ಮಳೆ ಇಪ್ಪತ್ತೆರಡು ದಿನ ಸತಾಯಿಸಿತು. ಬಂದ ದಿನ ನಾನು ಬಾಗಿಲು ತೆಗೆದು ಒಳಗೆ ಹೋಗಿ ಸರ್ ಕೂರುತ್ತಿದ್ದ ಜಾಗದಲ್ಲೇ ಕೂತೆ. ದೊಡ್ಡಪ್ಪ ಕಂಬಳಿ ಕೊಪ್ಪೆ ಹಾಕಿಕೊಂಡು, ಬುಟ್ಟಿ ಕರಲು ತೆಗೆದುಕೊಂಡು ಮಾಳಿಗೆ ಹತ್ತಿದ್ದ. ಅವನ ಹೆಜ್ಜೆ ತಲೆಯ ಮೇಲೆ ಕೇಳುತ್ತಿತ್ತು, ಈ ಸಲ ಗಟ್ಟಿ ನೆಲದ ಮೇಲೆ ನಡೆದ ಸದ್ದು. ಸ್ವಲ್ಪ ಹೊತ್ತಿಗೆ ಮಾಳಿಗೆಯಲ್ಲಿ ಬೆಳಕಿಗೆಂದು ಬಿಟ್ಟ ಬೆಳಕಿಂಡಿಯ ಪಕ್ಕದಲ್ಲಿ ಒಂದು ಹನಿ ಬಿತ್ತು. ಇನ್ನೊಂದು. ಬೆಳಕಿಂಡಿಯ ಹತ್ತಿರ ಎಂದು ಕೂಗಿದೆ. ಹೆಜ್ಜೆ ಅತ್ತ ಹೋಯಿತು, ಹಿಡಿ ಮಣ್ಣು ಸುರಿದು ಹಿಮ್ಮಡಿಯಿಂದ ತುಳಿದ ಸದ್ದು. ಮೂರನೇ ಹನಿ ಅಂಚಿನಲ್ಲಿ ತೂಗಿತು, ತೂಗಿತು, ಬೀಳಲಿಲ್ಲ.

ಮಳೆ ಇನ್ನೂ ಅರ್ಧ ತಾಸು ಹೊಡೆಯಿತು. ನಿಂತ ಮೇಲೆ ಬೆಳಕಿಂಡಿಯಲ್ಲಿ ಅವನ ಮುಖ ಕಾಣಿಸಿತು, ಗಡ್ಡದಿಂದ ನೀರು ಇಳಿಯುತ್ತಿತ್ತು.

"ತೆಂಕಣ ಗ್ವಾಡಿ ಹೆಂಗೈತಿ?"

ಒಣಗಿದೆ ದೊಡ್ಡಪ್ಪ ಎಂದೆ, ಕೂತಲ್ಲಿಂದಲೇ.

"ಕಣ್ಲೆ ನೋಡಿ ಹೇಳಬ್ಯಾಡ ಯವ್ವಾ. ಮುಟ್ಟಿ ನೋಡಿ ಹೇಳು."

ಎದ್ದೆ. ಸ್ಟೂಲು ಎಳೆದು ಹತ್ತಿ, ತೆಂಕಣ ಗೋಡೆಯ ತಲೆಯ ಉದ್ದಕ್ಕೂ ಅಂಗೈ ಒತ್ತುತ್ತ ಹೋದೆ. ಅದು ಮುಗಿದ ಮೇಲೆ ಉಳಿದ ಮೂರೂ ಗೋಡೆಗೆ ಸ್ಟೂಲು ಎಳೆದೆ. ಅವನು ಮೇಲೆ ಕಾಯುತ್ತಿದ್ದ. ನಾಲ್ಕನೆಯದು ಮುಗಿಸಿ, ಮಣ್ಣು ಮೆತ್ತದ ಅಂಗೈ ತಿರುಗಿಸಿ ನೋಡಿಕೊಂಡು, ಆಮೇಲೆ ಹೇಳಿದೆ.